ಗಡಿನಾಡಿನ ‘ಗುನ್ಹೇಗಾರ ಜಾತಿ’ಗಳ ಇತಿಹಾಸಕ್ಕೆ ಆಕರಗಳು

ಇತಿಹಾಸ ಸಂಶೋಧನೆಯೆಂದೊಡನೆ ಶಿಲಾಲೇಖ, ತಾಮ್ರಪಟ, ಓಲೆಗರಿ ಇವುಗಳನ್ನು ನೆನೆಯುವುದು ನಮ್ಮಲ್ಲಿ ರೂಢಿಯಾಗಿದೆ. ಅದು ತಪ್ಪಲ್ಲ. ಸೊಲ್ಲಾಪುರ ಜಿಲ್ಲೆಯ ಶಾಸನಗಳನ್ನು ಶ್ರೀನಿವಾಸ ರಿತ್ತಿ ಹಾಗೂ ಆನಂದ ಕುಂಭಾರ ಅವರು 1988ರಲ್ಲಿ ಗ್ರಂಥರೂಪಕ್ಕೆ ತಂದ ಮೇಲೆ ಈ ಭಾಗದ ಕನ್ನಡದ ಹಳಮೆಯ ವಿಷಯದಲ್ಲಿ ಯಾರೂ ಸಂದೇಹ ಪಡುವಂತಿಲ್ಲ. ಆದರೆ ಪೊಲೀಸು, ಕೋರ್ಟು, ಜೇಲು, ಕಾಯಿದೆ, ಇವುಗಳ ಕೈಗೆ ಸಿಕ್ಕು ನಮ್ಮೂರ ಜನ ಹೇಗೆ ಬಾಳಿದರೆಂಬುದರ ಇತಿಹಾಸವನ್ನು ನಾವು ಬರೆದುದು ಬಹಳ ಕಡಿಮೆ. ಆಕರಗಳಿಲ್ಲವೆಂದು ಕೈಬಿಟ್ಟವರೇ ಹೆಚ್ಚು. ಆಕರಗಳು ಇಲ್ಲದೆ ಇಲ್ಲ. ಅವು ಹರಿದು ಹಂಚಿಹೋಗಿವೆ, ಅಷ್ಟೆ. ಅವುಗಳನ್ನು ಹುಡುಕುತ್ತ ಹೋದಾಗ ನನಗೆ ಕಂಡುಬಂದುದನ್ನು ಶಿಕ್ಷಕ ಬಂಧುಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶವಾಗಿದೆ.

ಹುಡುಕಾಟಕ್ಕೆ ಕಾರಣನಾದವನು ನನ್ನ ಹಳೆಯ ವಿದ್ಯಾರ್ಥಿ. ಕೈಕಾಡಿ ಮನೆತನದ ಹುಡುಗ. ಈಗ ಕಾಯಿದೆ ಕಾಲೇಜಿನಲ್ಲಿ ಓದುತ್ತಿದ್ದಾನೆ. ಎರಡು ವರ್ಷದ ಹಿಂದೆ ಮಳೆಗಾಲದಲ್ಲೊಂದು ಸಂಜೆ ಮನೆಗೆ ಬಂದ. ತಂಗಿಯ ಜಾತಿ ಪಡತಾಳಣಿಗೆ ಕಾಗದ ಬೇಕಾಗಿತ್ತು. ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿಯವರು 1961ನೆಯ ನವೆಂಬರ 21ಕ್ಕಿಂತ ಮೊದಲಿನ ವಾಸದ ಪುರಾವೆಯನ್ನು ತೋರಿಸಬೇಕು. ಹೊಲ ಮನೆ ಇಲ್ಲದವರಿಗೆ ಸಾತಬಾರಾ ಉತಾರ ಎಲ್ಲಿಂದ ಬರಬೇಕು? ಉಳಿದದ್ದು ಸಾಲಿಯ ದಾಖಲೆಯೊಂದೇ. ಅವನ ಅಜ್ಜ ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯ ಕನ್ನಡ ಸಾಲಿಯಲ್ಲಿ ಎರಡು ವರ್ಷ ಕಲಿತಿದ್ದನಂತೆ. ಆ ಹಳ್ಳಿ ನಾನು ಮೊದಲು ನೌಕರಿಗೆ ಸೇರಿದ ಊರು.

ಕೆಲಸದ ಮಾತು ಮುಗಿದ ಮೇಲೆ ಹೊಸ್ತಿಲ ಬಳಿ ನಿಂತು ಅವನು ಕೇಳಿದ: “ಸರ, ನಮ್ಮ ಮುತ್ಯಾನ ಅಪ್ಪನ್ನ ಸೊಲ್ಲಾಪುರದ ಸೆಟ್ಲಮೆಂಟಿನ್ಯಾಗ ತಂತಿ ಒಳಗ ಇಟ್ಟಿದ್ರಂತ. ಅಂವಾ ಏನ್ ಗುನ್ಹೆ ಮಾಡಿದ್ದನ್ರಿ?”

ನಾನು ಮೂವತ್ತು ವರ್ಷ ಇತಿಹಾಸ ಕಲಿಸಿದವನು. ಉತ್ತರ ಹೇಳಲಾಗಲಿಲ್ಲ.

ಮೊದಲು ಕಾಯಿದೆಯ ಸ್ವರೂಪವನ್ನು ತಿಳಿಯುವುದು ಅವಶ್ಯ. ಅಪರಾಧಿ ಬುಡಕಟ್ಟುಗಳ ಕಾಯಿದೆ 1871ರಲ್ಲಿ ಬಂದಿತು. ಆರಂಭದಲ್ಲಿ ಅದು ಉತ್ತರ ಹಿಂದುಸ್ತಾನಕ್ಕೆ ಅನ್ವಯಿಸುತ್ತಿತ್ತು. 1911ರ ಕಾಯಿದೆಯಿಂದ ಮುಂಬಯಿ, ಮದ್ರಾಸು ಇಲಾಖೆಗಳೂ ಅದರ ತೆಕ್ಕೆಗೆ ಬಂದವು. 1924ರಲ್ಲಿ ಎಲ್ಲವನ್ನೂ ಕೂಡಿಸಿ ಮತ್ತೊಂದು ಕಾಯಿದೆ ಮಾಡಲಾಯಿತು. ಒಂದು ಜಾತಿ, ಟೋಳಿ ಅಥವಾ ವರ್ಗವು ಜಾಮೀನು ಸಿಗದಂತಹ ಅಪರಾಧಗಳನ್ನು ಮಾಡುವ ಚಟಕ್ಕೆ ಬಿದ್ದಿದೆಯೆಂದು ಪ್ರಾಂತ ಸರಕಾರಕ್ಕೆ ನಂಬಲು ಕಾರಣವಿದ್ದರೆ ಸಾಕು, ಗ್ಯಾಜೆಟ್ಟಿನಲ್ಲಿ ಅಧಿಸೂಚನೆ ಹೊರಡಿಸಬಹುದಿತ್ತು. ಆಮೇಲೆ ಆ ಜನರ ಹೆಸರುಗಳ ಪಟ್ಟಿ, ಬೆರಳೊತ್ತು, ಠರಾವಿನ ವೇಳೆಗೆ ಪೊಲೀಸರ ಮುಂದೆ ಹಾಜರಿ, ಊರು ಬಿಡಬೇಕಾದರೆ ಪರವಾನಿಗೆ. ಮೇಲೆ ಬೇಕೆನಿಸಿದರೆ ವಸಾಹತಿನಲ್ಲಿ ಇಡಬಹುದು. ಮಕ್ಕಳನ್ನು ತಂದೆತಾಯಿಗಳಿಂದ ಅಗಲಿಸಿ ಸುಧಾರಣಾ ಶಾಲೆಗೆ ಒಯ್ಯಬಹುದು. ಮುಂಬಯಿ ಸರಕಾರ ಇದನ್ನು 1949ರಲ್ಲಿ ರದ್ದುಗೊಳಿಸಿತು. ಇಡೀ ದೇಶದಲ್ಲಿ ರದ್ದಾದದ್ದು 1952ನೆಯ ಆಗಸ್ಟ 31ರಂದು.

ಇಲ್ಲಿ ಸಂಶೋಧಕನು ಗಮನಿಸತಕ್ಕ ಒಂದು ಅಂಶವಿದೆ. ನಾನು ಮೊದಲು ಹುಡುಕಲು ಹೋದದ್ದು ನ್ಯಾಯನಿರ್ಣಯಗಳನ್ನು. ಕಾಯಿದೆಯ ಇತಿಹಾಸವೆಂದ ಮೇಲೆ ಕೋರ್ಟಿನ ತೀರ್ಪುಗಳಲ್ಲಿಯೇ ಎಲ್ಲವೂ ಇರಬೇಕೆಂಬುದು ನನ್ನ ಎಣಿಕೆಯಾಗಿತ್ತು. ಒಬ್ಬ ವಕೀಲ ಮಿತ್ರರ ದಯೆಯಿಂದ ವಕೀಲರ ಸಂಘದ ಗ್ರಂಥಾಲಯದಲ್ಲಿ ಕುಳಿತು ನಾಲ್ಕು ರವಿವಾರ ಕಳೆದೆ. ಸಿಕ್ಕದ್ದು ಅತಿ ಸ್ವಲ್ಪ. ನನ್ನ ಹುಡುಕುವ ಬಗೆಯಲ್ಲೇ ಲೋಪವಿರಬೇಕೆಂದು ತಿಳಿದಿದ್ದೆ. ಆಮೇಲೆ 1924ರ ಕಾಯಿದೆಯ 29ನೆಯ ಕಲಮನ್ನು ಓದಿದಾಗ ಕಾರಣ ತಿಳಿಯಿತು: ಅಧಿಸೂಚನೆಯ ಸಿಂಧುತ್ವವನ್ನು ಯಾವ ನ್ಯಾಯಾಲಯವೂ ಪ್ರಶ್ನಿಸತಕ್ಕುದಲ್ಲ, ಅಧಿಸೂಚನೆ ಹೊರಟಿತೆಂಬುದೇ ಅದು ಕಾಯಿದೆಗೆ ಅನುಸಾರವಾಗಿದೆಯೆಂಬುದಕ್ಕೆ ಪುರಾವೆ. ಕೋರ್ಟಿನ ಬಾಗಿಲನ್ನೇ ಮುಚ್ಚಿದ ಮೇಲೆ ತೀರ್ಪುಗಳು ಎಲ್ಲಿಂದ ಬರಬೇಕು? ಆಕರದ ಅಭಾವವೂ ಒಂದು ಆಕರವೆಂಬುದನ್ನು ನಾನು ಕಲಿತದ್ದು ಅಂದು.

ಆದುದರಿಂದ ಈ ವಿಷಯದಲ್ಲಿ ಮೂಲ ಆಕರವು ಕೋರ್ಟಿನದಲ್ಲ, ಸರಕಾರಿ ಗ್ಯಾಜೆಟ್ಟಿನದು. ಯಾವ ಜಾತಿಯನ್ನು, ಯಾವ ಜಿಲ್ಲೆಯಲ್ಲಿ, ಯಾವ ತಾರೀಖಿನಿಂದ ಗುನ್ಹೇಗಾರರೆಂದು ಸಾರಿದರೆಂಬುದು ಅಲ್ಲಿದೆ. ಅದರ ಜೊತೆಗೆ ಮುಂಬಯಿ ಇಲಾಖೆಯಲ್ಲಿ ಈ ಕಾಯಿದೆಯ ಆಡಳಿತದ ವಾರ್ಷಿಕ ವರದಿಗಳಿವೆ. ಬಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರ ಮುಂತಾದೆಡೆಯ ವಸಾಹತುಗಳ ಉಸ್ತುವಾರಿ ಬಹುಕಾಲ ಸ್ಟಾರ್ಟ್ ಎಂಬ ಐ.ಸಿ.ಎಸ್. ಅಧಿಕಾರಿಯ ಕೈಯಲ್ಲಿತ್ತು. ಸೊಲ್ಲಾಪುರದ ವಸಾಹತನ್ನು ಅಮೇರಿಕನ್ ಮರಾಠಿ ಮಿಶನ್ ನಡೆಸಿತು. ವಸಾಹತಿನ ಜನ ಗಿರಣಿಗಳಲ್ಲಿ ದುಡಿದರು. ಗಿರಣಿಗೆ ಕೂಲಿಗಳು ಬೇಕಾಗಿದ್ದರು, ಸರಕಾರಕ್ಕೆ ಇವರನ್ನು ಒಂದೆಡೆ ಕೂಡಿಹಾಕುವುದು ಬೇಕಾಗಿತ್ತು, ಎರಡೂ ಹೊಂದಿಕೊಂಡವು. ಮಿಶನ್ನಿನ ಮಾತೃಸಂಸ್ಥೆಯಾದ ಅಮೇರಿಕನ್ ಬೋರ್ಡಿನ ಕಾಗದಪತ್ರಗಳು ಇಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಹೌಟನ್ ಗ್ರಂಥಾಲಯದಲ್ಲಿವೆ. ನಮ್ಮೂರಿನ ಒಂದು ಓಣಿಯ ಚರಿತ್ರೆಯನ್ನು ಓದಲು ಕಡಲು ದಾಟಬೇಕಾದ ವಿಚಿತ್ರ!

ಇನ್ನು ಗ್ರಂಥಗಳ ವಿಚಾರ. ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಗ್ಯಾಜೆಟಿಯರಿನ 20ನೆಯ ಸಂಪುಟ, 1884ರದು, ಸೊಲ್ಲಾಪುರ ಜಿಲ್ಲೆಗೆ ಮೀಸಲಾಗಿದೆ. ಜಾತಿಗಳ ವರ್ಣನೆಯೂ ನ್ಯಾಯ ಪೊಲೀಸುಗಳ ಅಧ್ಯಾಯವೂ ಅದರಲ್ಲಿವೆ. ಎಂಥೋವನ್ನನ ಮುಂಬಯಿಯ ಜಾತಿ ಬುಡಕಟ್ಟುಗಳ ಗ್ರಂಥ 1920ರಿಂದ 1922ರ ವರೆಗೆ ಮೂರು ಸಂಪುಟಗಳಲ್ಲಿ ಬಂದಿತು. ಮದ್ರಾಸಿನ ಕಡೆಯವರಿಗೆ ಥರ್ಸ್ಟನ್ನನ ಏಳು ಸಂಪುಟಗಳಿವೆ, 1909ರವು. ಇವೆಲ್ಲ ಸಾಮಾನ್ಯವಾಗಿ ಪರಿಚಿತವಾದವು.

ಪೊಲೀಸರೇ ಬರೆದ ಎರಡು ಪುಸ್ತಕಗಳ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಮದ್ರಾಸು ಇಲಾಖೆಗೆ ಮುಲ್ಲಾಲಿಯ ಟಿಪ್ಪಣಿಗಳು, 1892. ಮುಂಬಯಿ ಇಲಾಖೆಗೆ ಮೈಕೆಲ್ ಕೆನೆಡಿಯ ಟಿಪ್ಪಣಿಗಳು, 1908. ಕೆನೆಡಿಯ ಪುಸ್ತಕ 1985ರಲ್ಲಿ ದಿಲ್ಲಿಯಲ್ಲಿ ಬೇರೆ ಹೆಸರಿನಿಂದ ಮತ್ತೆ ಅಚ್ಚಾಯಿತು. ಆ ಹೆಸರನ್ನು ನೋಡಿ ಯಾರಾದರೂ ಅದನ್ನು ಹೊಸ ಸಂಶೋಧನೆಯೆಂದು ತಿಳಿದರೆ ಮೋಸಹೋದಂತೆಯೆ. ಗ್ರಂಥಾಲಯದ ಸೂಚಿಯಲ್ಲಿ ಪುಸ್ತಕದ ಹೆಸರಿನೊಡನೆ ಮೊದಲ ಮುದ್ರಣದ ವರ್ಷವನ್ನು ನೋಡಲೇಬೇಕು.

ಕೆನೆಡಿ ತನ್ನ ಪುಸ್ತಕವನ್ನು ರಚಿಸಿದ ರೀತಿ ವಿಚಾರಾರ್ಹವಾಗಿದೆ. ಪ್ರತಿಯೊಂದು ಜಾತಿಗೂ ಒಂದೇ ನಮೂನೆಯ ಶೀರ್ಷಿಕೆಗಳು: ವಾಸಸ್ಥಳ, ಜನಸಂಖ್ಯೆ, ವೇಷಭೂಷಣ, ಮಾತಿನ ಲಕ್ಷಣ, ಮೇಲ್ನೋಟದ ಜೀವನೋಪಾಯ, ಮಾಡುವ ಅಪರಾಧ, ಅಪರಾಧದ ವಿಧಾನ, ಆಯುಧಗಳು, ಕದ್ದ ಮಾಲನ್ನು ಬಚ್ಚಿಡುವ ಉಪಾಯ. ‘ಮೇಲ್ನೋಟದ ಜೀವನೋಪಾಯ’ ಎಂಬ ಈ ಒಂದು ಶೀರ್ಷಿಕೆಯನ್ನು ವಾಚಕರು ಮತ್ತೊಮ್ಮೆ ಓದಬೇಕು. ಬುಟ್ಟಿ ಹೆಣೆದರೆ ಅದು ಮೇಲ್ನೋಟದ್ದು; ಕತ್ತೆಯ ಮೇಲೆ ಉಪ್ಪು ದವಸ ಹೇರಿಕೊಂಡು ಊರೂರಿಗೆ ಮಾರಿದರೆ ಅದೂ ಮೇಲ್ನೋಟದ್ದು. ಬರೆಯುವವನು ಕೋಷ್ಟಕದ ಗೆರೆ ಎಳೆಯುವಾಗಲೇ ತೀರ್ಪನ್ನು ಕೊಟ್ಟಾಗಿದೆ. ಪರೀಕ್ಷೆಯ ಪ್ರಶ್ನಪತ್ರಿಕೆಯಲ್ಲಿಯೇ ಉತ್ತರವನ್ನು ಬರೆದು, ಎಲ್ಲ ಹುಡುಗರೂ ಒಂದೇ ಉತ್ತರ ಬರೆದರೆಂದು ಹೇಳಿದಂತೆ. ಹೀಗಿದ್ದರೂ ಈ ಪುಸ್ತಕಗಳನ್ನು ಬಿಡುವಂತಿಲ್ಲ. ಯಾವ ಜನ ಯಾವ ಸಂತೆಗೆ, ಯಾವ ತಿಂಗಳಲ್ಲಿ, ಯಾವ ಹಾದಿ ಹಿಡಿದು ಹೋಗುತ್ತಿದ್ದರೆಂಬ ವಿವರಗಳು ಬೇರೆಡೆ ದೊರೆಯಲಾರವು. ಪೊಲೀಸನ ಕಣ್ಣನ್ನು ಬದಿಗಿಟ್ಟು ಅವನು ಕಂಡುದನ್ನು ಮಾತ್ರ ತೆಗೆದುಕೊಳ್ಳಬೇಕು. ಇದು ಹೇಳಿದಷ್ಟು ಸುಲಭವಲ್ಲ.

ಇದಕ್ಕೆ ಎದುರಾಗಿ ಇಡತಕ್ಕವು ಎರಡು ಬಗೆಯ ಬರವಣಿಗೆಗಳು. ಒಂದು, ವಿಚಾರಣಾ ಸಮಿತಿಗಳ ವರದಿಗಳು: ಮುಂಬಯಿ ಸರಕಾರದ ಮುನ್ಶಿ ಸಮಿತಿಯದು 1939ರಲ್ಲಿ, ಅನಂತಶಯನಂ ಅಯ್ಯಂಗಾರರ ಅಧ್ಯಕ್ಷತೆಯ ಅಖಿಲ ಭಾರತ ಸಮಿತಿಯದು 1950ರಲ್ಲಿ, ಸೊಲ್ಲಾಪುರದವರೇ ಆದ ಬಾಳಕೃಷ್ಣ ರೇಣಕೆಯವರ ರಾಷ್ಟ್ರೀಯ ಆಯೋಗದ್ದು 2008ರಲ್ಲಿ. ಇನ್ನೊಂದು, ಆ ಜನರೇ ಬರೆದ ಆತ್ಮಕಥನಗಳು. ಲಕ್ಷ್ಮಣ ಗಾಯಕವಾಡರ ‘ಉಚಲ್ಯಾ’ 1987ರದು. ಬೆಳಗಾವಿಯ ಕಡೆಯ ಭೀಮರಾವ ಗಸ್ತಿಯವರು ‘ಬೇರಡ’ವನ್ನು ಬರೆದುದು ಮರಾಠಿಯಲ್ಲಾದರೂ ಅದರೊಳಗಿನ ಬೇಡರ ಬದುಕು ನಮ್ಮ ಗಡಿಯದು. ಮದ್ರಾಸು ಇಲಾಖೆಯ ಕೊರವರನ್ನೂ ಸ್ಟುಅರ್ಟಪುರದ ವಸಾಹತನ್ನೂ ಕುರಿತು ಮೀನಾ ರಾಧಾಕೃಷ್ಣ ಅವರು 2001ರಲ್ಲಿ ಪ್ರಕಟಿಸಿದ ಗ್ರಂಥವನ್ನು ಆದವಾನಿ, ರಾಯದುರ್ಗ, ಮಡಕಶಿರಾ ಕಡೆಯ ಮಿತ್ರರು ಅವಶ್ಯ ಓದಬೇಕು.

ದಫ್ತರಗಳ ವಿಷಯದಲ್ಲಿ ಗಡಿನಾಡಿನವರಾದ ನಮಗೆ ಒಂದು ತೊಂದರೆಯಿದೆ. ನಮ್ಮ ಊರು ಇಂದು ಯಾವ ರಾಜ್ಯದಲ್ಲಿದೆಯೋ ಅದರ ರಾಜಧಾನಿಗೆ ಹೋದರೆ ಹಳೆಯ ಕಾಗದ ಸಿಗುತ್ತದೆಂಬ ಭರವಸೆಯಿಲ್ಲ. ಅಂದು ಯಾರ ಆಡಳಿತದಲ್ಲಿತ್ತೆಂಬುದನ್ನು ನೋಡಬೇಕು. ಕಾಸರಗೋಡು 1956ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಯದು, ಎಂದರೆ ಮದ್ರಾಸಿನದು. ಆದವಾನಿ, ಆಲೂರು, ರಾಯದುರ್ಗಗಳು 1953ನೆಯ ಅಕ್ಟೋಬರ 1ರ ವರೆಗೆ ಬಳ್ಳಾರಿ ಜಿಲ್ಲೆಯವು. ಹೊಸೂರು ಸೇಲಂ ಜಿಲ್ಲೆಯದು. ಇವೆಲ್ಲಕ್ಕೂ ಚೆನ್ನೈ ಎಗ್ಮೋರಿನ ದಫ್ತರಖಾನೆಯನ್ನೇ ಮೊದಲು ನೋಡತಕ್ಕುದು. ಸೊಲ್ಲಾಪುರಕ್ಕೆ ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪುರಾಭಿಲೇಖಾಗಾರ. 1818ರ ಹಿಂದಿನದಕ್ಕೆ ಪುಣೆಯ ಪೇಶವೆ ದಫ್ತರ. ಅದು ಮೋಡಿ ಲಿಪಿಯಲ್ಲಿದೆ, ಕಲಿಯದೆ ಗತ್ಯಂತರವಿಲ್ಲ. ಮರಾಠಿ ಕಾಲದ ನ್ಯಾಯಪದ್ಧತಿಗೆ ವಿ. ತ್ರ್ಯಂ. ಗುಣೆಯವರ 1953ರ ಗ್ರಂಥ ಒಳ್ಳೆಯ ದಾರಿದೀಪ. ಅಕ್ಕಲಕೋಟೆ, ಜತ್ತ ಇವು ಸಂಸ್ಥಾನಗಳಾಗಿದ್ದು 1948ರಲ್ಲಿ ವಿಲೀನವಾದವು. ಬ್ರಿಟಿಷ್ ಹಿಂದುಸ್ತಾನದ ಕಾಯಿದೆ ಅಲ್ಲಿ ತಾನಾಗಿಯೇ ಜಾರಿಗೆ ಬರುತ್ತಿರಲಿಲ್ಲ. ಅಲ್ಲಿಯ ಸಂಗತಿಗಳು ಏಜೆನ್ಸಿಯ ಪತ್ರವ್ಯವಹಾರದಲ್ಲಿರುತ್ತವೆ. ಸಂಸ್ಥಾನಗಳೊಳಗೂ ಕೈಚಾಚುತ್ತಿದ್ದ ಠಗೀ ಮತ್ತು ಡಕಾಯಿತಿ ಖಾತೆ 1904ರ ವರೆಗೆ ಇತ್ತು. ಅದರ ಕಡತಗಳು ದಿಲ್ಲಿಯ ರಾಷ್ಟ್ರೀಯ ಪುರಾಭಿಲೇಖಾಗಾರದಲ್ಲಿವೆ.

ದಿಲ್ಲಿಗೆ ಹೋಗುವುದು ಎಲ್ಲ ಶಿಕ್ಷಕರಿಗೂ ಸಾಧ್ಯವಲ್ಲವಷ್ಟೆ. ಇಲ್ಲಿ ಅಂತರಜಾಲವು ನಮ್ಮ ಪಾಲಿಗೆ ದೊಡ್ಡ ಉಪಕಾರ ಮಾಡಿದೆಯೆಂದು ಹೇಳಬೇಕು. ರಾಷ್ಟ್ರೀಯ ಪುರಾಭಿಲೇಖಾಗಾರದ ‘ಅಭಿಲೇಖ ಪಟಲ’ದಲ್ಲಿ ಕಡತಗಳ ಸೂಚಿಯನ್ನು ಮನೆಯಲ್ಲಿಯೇ ಕುಳಿತು ನೋಡಬಹುದು; ಹಲವು ಕಡತಗಳ ಪುಟಗಳೇ ತೆರೆದುಕೊಳ್ಳುತ್ತವೆ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಗ್ಯಾಜೆಟಿಯರು, ಕೆನೆಡಿ, ಥರ್ಸ್ಟನ್, ಎಂಥೋವನ್ ಎಲ್ಲರೂ ಪುಕ್ಕಟೆಯಾಗಿ ಸಿಗುತ್ತಾರೆ. ದಕ್ಷಿಣ ಏಶಿಯದ ಮುಕ್ತ ದಾಖಲೆಗಳ ಸಂಗ್ರಹವು ಜೆಸ್ಟೋರ್ ತಾಣದಲ್ಲಿದ್ದು, ಅದರಲ್ಲಿ ಜನಗಣತಿ ಮತ್ತು ಆಡಳಿತದ ಹಳೆಯ ವರದಿಗಳಿವೆ. ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳಿಗೆ ‘ಶೋಧಗಂಗಾ’, ಪ್ರಬಂಧದ ತಿರುಳಿಗಿಂತ ಅದರ ಕೊನೆಯ ಆಕರಸೂಚಿಯೇ ಕೆಲವೊಮ್ಮೆ ಹೆಚ್ಚು ಬೆಲೆಯುಳ್ಳದ್ದು. ಕಾಯಿದೆಗಳ ಪಾಠಕ್ಕೆ ‘ಇಂಡಿಯಾ ಕೋಡ್’. 1953ರಿಂದೀಚಿನ ಅಪರಾಧಗಳ ಅಂಕಿ ಅಂಶಗಳಿಗೆ ರಾಷ್ಟ್ರೀಯ ಅಪರಾಧ ದಾಖಲೆ ಕಾರ್ಯಾಲಯದ ವಾರ್ಷಿಕ ಗ್ರಂಥಗಳಿವೆ. ಅವುಗಳಲ್ಲಿರುವುದು ಠಾಣೆಯಲ್ಲಿ ನೋಂದಾದ ಅಪರಾಧವೇ ಹೊರತು ನಡೆದ ಅಪರಾಧವೆಲ್ಲವೂ ಅಲ್ಲವೆಂಬುದನ್ನು ಮರೆಯಬಾರದು.

ಯಂತ್ರ ಹುಡುಕುವುದು ಅಕ್ಷರಗಳನ್ನು, ಅರ್ಥವನ್ನಲ್ಲ. ಇದನ್ನು ತಿಳಿಯದೆ ನಾನು ಬಹಳ ದಿನ ವ್ಯರ್ಥ ಮಾಡಿದೆ. ಇಂದಿನ ಕಾಗುಣಿತದಲ್ಲಿ ಇಂಗ್ಲಿಷಿನಲ್ಲಿ ‘ಸೋಲಾಪುರ’ ಎಂದು ಹಾಕಿದರೆ ಹಳೆಯದೇನೂ ಬರುವುದಿಲ್ಲ; ಆಂಗ್ಲರು ‘ಶೋಲಾಪುರ’ ಎಂದೇ ಬರೆಯುತ್ತಿದ್ದರು. ಜತ್ತ ಸಂಸ್ಥಾನವನ್ನು ಹುಡುಕಹೋದರೆ ಪಂಜಾಬದ ಜಾಟರೆಲ್ಲ ಎದ್ದುಬರುತ್ತಾರೆ. ಜಾತಿಯ ಹೆಸರುಗಳಂತೂ ಕೇಳುವುದೇ ಬೇಡ: ಕೈಕಾಡಿ, ಕೈಕಾರಿ, ಕೊರವ, ಕೊರ್ವಿ, ಕೊರಚ, ಕೊರಮ, ಯರಕುಲ, ಕೊರವರ್. ಇಷ್ಟನ್ನೂ ಒಂದೊಂದಾಗಿ ಹಾಕಿ ನೋಡಬೇಕು. ಸಿಕ್ಕ ಸಾಲನ್ನು ಹಾಗೆಯೇ ಎತ್ತಿ ಬರೆಯದೆ, ಪುಟದ ಚಿತ್ರವನ್ನು ತೆರೆದು ಹಿಂದು ಮುಂದಿನ ಎರಡು ಪುಟಗಳನ್ನಾದರೂ ಓದುವುದು ಅವಶ್ಯ. ಯಂತ್ರವು ಹಳೆಯ ಅಚ್ಚನ್ನು ತಪ್ಪು ಓದುವುದುಂಟು.

ನ್ಯಾಯನಿರ್ಣಯಗಳಿಗೆ ‘ಇಂಡಿಯನ್ ಕಾನೂನ್’ ಎಂಬ ತಾಣವು 2008ರಿಂದ ಇದೆ. ಸರ್ವೋಚ್ಚ ನ್ಯಾಯಾಲಯವೂ ತನ್ನ ತೀರ್ಪುಗಳನ್ನು ಜಾಲದಲ್ಲಿ ಇಟ್ಟಿದೆ, ಕೆಲವಂತೂ ಕನ್ನಡ ಅನುವಾದದಲ್ಲಿಯೂ ದೊರೆಯುತ್ತವೆ. ಉಲ್ಲೇಖದ ಪದ್ಧತಿಯನ್ನು ತಿಳಿದುಕೊಂಡರೆ ಮುದ್ರಿತ ಸಂಪುಟದಲ್ಲಿ ಹುಡುಕುವುದು ಕಷ್ಟವಲ್ಲ. ‘ಐ.ಎಲ್.ಆರ್. 55 ಮುಂಬಯಿ 263’ ಎಂದರೆ 1876ರಿಂದ ನಡೆದುಬಂದ ಇಂಡಿಯನ್ ಲಾ ರಿಪೋರ್ಟ್ಸಿನ ಮುಂಬಯಿ ಮಾಲೆಯ 55ನೆಯ ಸಂಪುಟದ 263ನೆಯ ಪುಟ. ಇದನ್ನು ಉದಾಹರಣೆಗೆಂದು ಸುಮ್ಮನೆ ಆರಿಸಿಲ್ಲ. ಅಲ್ಲಿರುವುದು ಚನ್ನಪ್ಪ ಶಾಂತಿರಪ್ಪ ವಿರುದ್ಧ ಚಕ್ರವರ್ತಿ ಎಂಬ ಮೊಕದ್ದಮೆ. 1930ನೆಯ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನವಾದ ಮೇಲೆ ಸೊಲ್ಲಾಪುರದಲ್ಲಿ ಗಲಭೆಯಾಗಿ, ಮೇ 12ರಿಂದ ಲಷ್ಕರಿ ಕಾಯಿದೆ ಜಾರಿಗೆ ಬಂದು ಜೂನ್ ಕೊನೆಯ ವರೆಗೆ ನಡೆಯಿತಷ್ಟೆ. ಆ ಕಾಯಿದೆಯ ಮೇರೆಗೆ ಆದ ಶಿಕ್ಷೆಗಳ ಪ್ರಶ್ನೆ ಮುಂಬಯಿ ಹೈಕೋರ್ಟಿನ ಪೂರ್ಣಪೀಠದ ಮುಂದೆ ಬಂದುದು ಈ ಮೊಕದ್ದಮೆಯಲ್ಲಿ. ಹುತಾತ್ಮ ಮಲ್ಲಪ್ಪ ಧನಶೆಟ್ಟಿ ಮತ್ತು ಅವರ ಮೂವರು ಸಂಗಡಿಗರ ಹೆಸರನ್ನು ನಮ್ಮ ಮಕ್ಕಳೆಲ್ಲ ಬಲ್ಲರು. 1931ನೆಯ ಜನವರಿ 12ರಂದು ಯರವಡಾ ಜೇಲಿನಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಚನ್ನಪ್ಪ ಶಾಂತಿರಪ್ಪನೆಂಬ ಕನ್ನಡದ ಹೆಸರು ಮಾತ್ರ ವಕೀಲರ ಪುಸ್ತಕಗಳಲ್ಲಿಯೇ ಉಳಿದಿದೆ.

ಕಾಸರಗೋಡಿನ ಮಿತ್ರರಿಗೂ ಇಂತಹದೊಂದು ಹೊಲ ಉಳಲು ಕಾದಿದೆ. 1941ರ ಮಾರ್ಚಿಯ ಕಯ್ಯೂರು ಪ್ರಕರಣದಲ್ಲಿ ನಾಲ್ವರು ರೈತರನ್ನು 1943ನೆಯ ಮಾರ್ಚ 29ರಂದು ಕಣ್ಣೂರಿನಲ್ಲಿ ಗಲ್ಲಿಗೇರಿಸಿದರು. ಆ ಕಥೆಯನ್ನು ನಾವು ಅರಿತುದು ನಿರಂಜನರ ‘ಚಿರಸ್ಮರಣೆ’ಯಿಂದ. ಕಾದಂಬರಿಯನ್ನೂ ಕೋರ್ಟಿನ ಕಾಗದಗಳನ್ನೂ ಅಕ್ಕಪಕ್ಕ ಇಟ್ಟು ಓದುವ ಕೆಲಸವನ್ನು ಅಲ್ಲಿಯ ಕನ್ನಡ ಶಿಕ್ಷಕರಲ್ಲದೆ ಇನ್ನಾರು ಮಾಡಬೇಕು?

ಕೆಳಗಿನ ಕೋರ್ಟುಗಳ ಮೊಕದ್ದಮೆಯ ಕಾಗದಗಳನ್ನು ಬಹಳವಾಗಿ ನೆಚ್ಚಿಕೊಳ್ಳುವಂತಿಲ್ಲವೆಂದು ಎಚ್ಚರಿಸಬೇಕು. ದಾಖಲೆಗಳನ್ನು ನಾಶಪಡಿಸುವುದಕ್ಕೇ 1917ರ ಒಂದು ಕಾಯಿದೆಯಿದೆ. ವಾಯಿದೆ ತುಂಬಿದ ಕಾಗದಗಳನ್ನು ಅದರ ಮೇರೆಗೆ ತೆಗೆದುಹಾಕುತ್ತ ಬಂದಿದ್ದಾರೆ.

ನಾಶದ ಮಾತು ಬಂದುದರಿಂದ ನನ್ನದೊಂದು ಅಪರಾಧವನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಹುಡುಗನ ಕೆಲಸಕ್ಕಾಗಿ ನಾನು ಆ ಹಳ್ಳಿಯ ಸಾಲಿಗೆ ಹೋದೆ. ಜನರಲ್ ರಜಿಸ್ಟರು ಕಾಯಂ ದಾಖಲೆಯಾದುದರಿಂದ ಕಪಾಟಿನಲ್ಲಿ ಕ್ಷೇಮವಾಗಿತ್ತು. 1950ನೆಯ ಜೂನ ತಿಂಗಳ ಪುಟದಲ್ಲಿ ಅವನ ಅಜ್ಜನ ಹೆಸರು ಸಿಕ್ಕಿತು. ಎರಡನೆಯ ಇಯತ್ತೆ. ಹುಟ್ಟಿದ ಊರು ಸೊಲ್ಲಾಪುರ. ‘ಹಿಂದಿನ ಸಾಲಿ’ ಎಂಬ ಕಾಲಮಿನಲ್ಲಿ ನೀಲಿ ಮಸಿಯ ದುಂಡಗಿನ ಅಕ್ಷರಗಳಲ್ಲಿ ‘ಸೆಟ್ಲಮೆಂಟ ಶಾಳಾ’ ಎಂದಿತ್ತು. ಕಾಯಿದೆ ರದ್ದಾದ ಮರುವರ್ಷವೇ ತಂತಿಯಾಚೆ ಬಂದ ಆ ಕುಟುಂಬ ಹಳ್ಳಿಗೆ ಬಂದು ಮಗನನ್ನು ಕನ್ನಡ ಸಾಲಿಗೆ ಹಾಕಿತ್ತು.

ಆ ಸಾಲಿಯಿಂದ ಹುಡುಗ ತಂದ ದಾಖಲಾ ಬೇಕೆಂದರೆ ಅಂದಿನ ಫಾಯಿಲನ್ನು ನೋಡಬೇಕು. ಅದರಲ್ಲಿ ಜಾತಿ, ತಂದೆಯ ಹೆಸರು, ವಸಾಹತಿನ ನೋಂದಣಿ ಎಲ್ಲವೂ ಇರುತ್ತಿದ್ದವು. ಆ ಫಾಯಿಲು ಇಂದು ಇಲ್ಲ. ಯಾಕೆ ಇಲ್ಲವೆಂಬುದು ನನಗೆ ಗೊತ್ತು. 1996ರಲ್ಲಿ, ನೌಕರಿಗೆ ಸೇರಿ ಮೂರು ವರ್ಷವಾಗಿದ್ದಾಗ, ಕೋಣೆ ಖಾಲಿ ಮಾಡಲು ಹಳೆಯ ಕಾಗದವನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಿಯಮದಂತೆ ಜನರಲ್ ರಜಿಸ್ಟರನ್ನು ಉಳಿಸಿ, ಹಾಜರಿ ಪುಸ್ತಕಗಳು, ತನಿಖೆ ಸಾಹೇಬರ ಷರಾ ಪುಸ್ತಕಗಳು, ದಾಖಲಾಗಳ ಕಟ್ಟುಗಳು, ಇವನ್ನೆಲ್ಲ ಎರಡು ಗೋಣಿಚೀಲಗಳಲ್ಲಿ ತುಂಬಿ ರದ್ದಿಯವನಿಗೆ ಹಾಕಿದವನು ನಾನೇ. ಬಂದ ಹಣದಲ್ಲಿ ಸಾಲಿಗೆ ಒಂದು ಭೂಪಟ ತಂದೆವೆಂದು ಸಂತೋಷಪಟ್ಟದ್ದೂ ನೆನಪಿದೆ.

ಇನ್ನೊಂದು ತೊಡಕು ರಜಿಸ್ಟರಿನಲ್ಲಿಯೇ ಇತ್ತು. ಜಾತಿಯ ಕಾಲಮಿನಲ್ಲಿ ಮಾಸ್ತರರು ‘ಕೊರವ’ ಎಂದು ಬರೆದಿದ್ದರು. ಮನೆಯವರ ಇತ್ತೀಚಿನ ಕಾಗದಗಳಲ್ಲೆಲ್ಲ ‘ಕೈಕಾಡಿ’. ಕನ್ನಡದ ಮಾಸ್ತರರು ಕನ್ನಡದ ಹೆಸರನ್ನು ಬರೆದರೆಂಬುದು ನಮಗೆ ಸಹಜವಾಗಿ ತೋರುತ್ತದೆ. ಕಚೇರಿಯ ಕಾರಕೂನರಿಗೆ ಹಾಗೆ ತೋರುವುದಿಲ್ಲ. ಅವರಿಗೆ ಅಕ್ಷರ ಬೇರೆಯಾದರೆ ಜಾತಿ ಬೇರೆ.

ಈ ಹೆಸರುಗಳ ಗೊಂದಲವು ಗಡಿನಾಡಿನ ವಿಶೇಷ ಕಷ್ಟ. ಮೂಲತಃ ಒಂದೇ ಬಳಗದ ಜನ. ಮನೆಮಾತು ತಮಿಳಿಗೆ ಹತ್ತಿರವಾಗಿದ್ದು ಹೋದಹೋದಲ್ಲಿ ಕನ್ನಡ ತೆಲುಗುಗಳನ್ನು ಬೆರೆಸಿಕೊಂಡದ್ದು. ಅಕ್ಕಲಕೋಟೆಯಲ್ಲಿ ಕೈಕಾಡಿಯಾದರೆ ವಿಮುಕ್ತ ಜಾತಿ. ಗಡಿ ದಾಟಿ ಕರ್ನಾಟಕದಲ್ಲಿ ಕೊರಮ, ಕೊರಚ ಎನ್ನಿಸಿಕೊಂಡರೆ ಪರಿಶಿಷ್ಟ ಜಾತಿ. ಆಂಧ್ರದಲ್ಲಿ ಯರಕುಲನಾದರೆ ಪರಿಶಿಷ್ಟ ಬುಡಕಟ್ಟು. ಮಹಾರಾಷ್ಟ್ರದಲ್ಲಿಯೇ ವಿದರ್ಭದ ಕೈಕಾಡಿ ಪರಿಶಿಷ್ಟ ಜಾತಿಗೆ ಸೇರುತ್ತಾನೆ. ಬೇಡರದೂ ಇದೇ ಪಾಡು: ಇತ್ತ ಬೇರಡ, ಅತ್ತ ನಾಯಕ, ಆಚೆ ಬೋಯ, ಮೂರೂ ಕಡೆ ಮೂರು ಪಟ್ಟಿ. ಒಂದೇ ಗ್ಯಾಜೆಟ್ಟಿನ ಹಣೆಬರಹವುಳ್ಳವರನ್ನು ರಾಜ್ಯಗಳ ಗಡಿ ಹೀಗೆ ಬೇರೆ ಬೇರೆ ಮಾಡಿತು. ಅಣ್ಣನ ಮಗನಿಗೆ ಒಂದು ದಾಖಲೆ, ತಂಗಿಯ ಮಗನಿಗೆ ಇನ್ನೊಂದು.

ಪರಿಹಾರ ದೊರೆತದ್ದು ದೊಡ್ಡ ಗ್ರಂಥದಲ್ಲಲ್ಲ. ಮಹಾರಾಷ್ಟ್ರ ಸರಕಾರದ ವಿಮುಕ್ತ ಜಾತಿಗಳ ಪಟ್ಟಿಯಲ್ಲಿ ಕೈಕಾಡಿ ಎಂಬ ಹೆಸರಿನ ಮುಂದೆ ತತ್ಸಮ ಜಾತಿಗಳೆಂದು ಕೊರವಾ, ಕೊರ್ವಿ, ಪಾಮಲೋರ ಮುಂತಾದ ಹೆಸರುಗಳಿವೆ. ಪಟ್ಟಿಯ ಆ ಪುಟ, ಎಂಥೋವನ್ನನ ಕೈಕಾಡಿ ಪ್ರಕರಣದ ಪುಟ, ರಜಿಸ್ಟರಿನ ದೃಢೀಕೃತ ನಕಲು, ಈ ಮೂರನ್ನೂ ಕೂಡಿಸಿ, ಕನ್ನಡದ ‘ಕೊರವ’ವೇ ಮರಾಠಿಯ ‘ಕೈಕಾಡಿ’ಯೆಂದು ವಿವರಿಸುವ ಒಂದು ಪತ್ರವನ್ನು ಬರೆದುಕೊಟ್ಟೆ. ಪಡತಾಳಣಿ ಸಮಿತಿಯಿಂದ ಇನ್ನೂ ನಿರ್ಣಯ ಬಂದಿಲ್ಲ.

ಅವನ ಪ್ರಶ್ನೆಗೆ ಉತ್ತರವನ್ನೂ ಹೇಳಿದೆ. ಕಾಯಿದೆಯ ಪಾಠವನ್ನು ಅವನ ಮುಂದೆ ಇಟ್ಟು, ಪಟ್ಟಿಯಲ್ಲಿ ಹೆಸರು ಬರೆಯಲು ಗುನ್ಹೆ ಮಾಡಿರಬೇಕೆಂಬ ಷರತ್ತು ಎಲ್ಲಿದೆ ತೋರಿಸೆಂದೆ. ಕಾಯಿದೆ ಕಲಿಯುವ ಹುಡುಗನಲ್ಲವೆ, ಎರಡು ಸಲ ಓದಿದ. “ಇಲ್ಲೇ ಇಲ್ಲಲ್ರಿ ಸರ,” ಎಂದ. ಬಹಳ ಹೊತ್ತು ಸುಮ್ಮನಿದ್ದು, “ಹಂಗಾರ ಮುತ್ಯಾ ನಮ್ಗ ಯಾಕ ಹೇಳಲಿಲ್ಲ?” ಎಂದು ಕೇಳಿದ. ತಾನೇನೂ ಮಾಡಿಲ್ಲವೆಂಬುದು ಆ ಮುದುಕನಿಗೆ ಗೊತ್ತಿತ್ತು. ಅದನ್ನು ನಂಬುವವರಿಲ್ಲವೆಂಬುದೂ ಗೊತ್ತಿದ್ದಿರಬೇಕು.

2024ನೆಯ ಅಕ್ಟೋಬರ 3ರಂದು ಸರ್ವೋಚ್ಚ ನ್ಯಾಯಾಲಯವು ಸುಕನ್ಯಾ ಶಾಂತಾ ಅವರ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿದೆ. ಜೇಲಿನ ನಿಯಮಾವಳಿಗಳಲ್ಲಿ ಜಾತಿಯಂತೆ ಕೆಲಸ ಹಂಚುವುದನ್ನು ಅದು ಅಸಿಂಧುವೆಂದಿತು. 1871ರ ಕಾಯಿದೆಯ ಚರಿತ್ರೆಯೂ, ವಿಮುಕ್ತ ಜನರನ್ನು ಇಂದಿಗೂ ರೂಢಿಗತ ಅಪರಾಧಿಗಳೆಂದು ಕಾಣುವ ನಿಯಮಗಳ ವಿಮರ್ಶೆಯೂ ಅದರಲ್ಲಿವೆ. ಕೈದಿಗಳ ರಜಿಸ್ಟರಿನಿಂದ ಜಾತಿಯ ಕಾಲಮನ್ನೇ ತೆಗೆದುಹಾಕಬೇಕೆಂದು ಆಜ್ಞೆಯಾಗಿದೆ. ತೀರ್ಪನ್ನು ಹುಡುಗನೇ ತನ್ನ ಮೊಬೈಲಿನಲ್ಲಿ ತೆರೆದು ತೋರಿಸಿದ. ಜೇಲಿನ ಪುಸ್ತಕದಲ್ಲಿ ಆ ಕಾಲಮು ಇರಬಾರದು. ಸಾಲಿಯ ಪುಸ್ತಕದಲ್ಲಿ ಅದು ಇದ್ದುದರಿಂದಲೇ ಅವನ ತಂಗಿಗೆ ದಾರಿ.

1949ರಿಂದ 1955ರ ವರೆಗೆ ಸೊಲ್ಲಾಪುರ, ಬಿಜಾಪುರ, ಹುಬ್ಬಳ್ಳಿ, ಗದಗ ಮೊದಲಾದ ವಸಾಹತುಗಳಿಂದ ಬಿಡುಗಡೆಯಾದ ಕುಟುಂಬಗಳ ಮಕ್ಕಳು ಗಡಿಯ ಎರಡೂ ಬದಿಯ ಕನ್ನಡ ಸಾಲಿಗಳಿಗೆ ಬಂದಿರಬೇಕು. ಶಿಕ್ಷಕ ಮಿತ್ರರು ತಮ್ಮ ತಮ್ಮ ಸಾಲಿಗಳ ಜನರಲ್ ರಜಿಸ್ಟರುಗಳಲ್ಲಿ ಆ ವರ್ಷಗಳ ‘ಹಿಂದಿನ ಸಾಲಿ’ ಎಂಬ ಕಾಲಮನ್ನು ಓದಿ, ಸೆಟ್ಲಮೆಂಟಿನ ಹೆಸರು ಎಲ್ಲಿ ಬಂದಿದೆಯೋ ಆ ಪುಟದ ನಂಬರು ಮತ್ತು ತಾರೀಖನ್ನು ಸಂಘಕ್ಕೆ ಬರೆದು ಕಳಿಸಬೇಕೆಂದು ವಿನಂತಿ. ಮಗುವಿನ ಹೆಸರನ್ನು ಬರೆಯುವ ಅಗತ್ಯವಿಲ್ಲ. ನಮ್ಮ ಹೈಸ್ಕೂಲಿನ ಪುಸ್ತಕಗಳನ್ನು ನಾನು ನೋಡಿ ಮುಗಿಸಿದ್ದೇನೆ. ಮೂರು ನಮೂದುಗಳು ಸಿಕ್ಕಿವೆ.